ಕಿತ್ತರೆ ಬದುಕದ ಸೊಪ್ಪು

ಬಿಲ್ಕೀಸ್ ಆಪಾಗೆ ಹಟ ಜಾಸ್ತಿ ಎಂದು ಶಿವಾಜಿನಗರದ ನಮ್ಮ ಗಲ್ಲಿಯಲ್ಲಿ ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಐವತ್ತೆಂಟು ವರ್ಷ ಆಕೆ ಎಲ್ಲರ ಮಾತು ಕೇಳಿದ್ದು ಯಾರಿಗೂ ನೆನಪಿಲ್ಲ. ನಾನು ಆಕೆಯ ತವರುಮನೆಯ ಕೆಳಗಿನ ಬಾಡಿಗೆದಾರಳು. ಆವತ್ತು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತ ಎಲ್ಲವನ್ನೂ ಕಣ್ಣಾರೆ ಕಂಡೆ.

ಗಂಡ ತೀರಿಕೊಂಡ ಮೇಲೆ ಆಪಾ ತವರಿಗೆ ಬಂದರು. ಮೊದಲು ಮುಂದಿನ ಕೋಣೆ ಸಿಕ್ಕಿತು. ಅಣ್ಣ ಬಷೀರ್ ಸಾಹೇಬರ ಮಗನ ಮದುವೆಯಾದಾಗ ಹಾಲ್‌ಗೆ ಸರಿಸಿದರು, ಆಮೇಲೆ ಸಾಮಾನಿನ ಕೋಣೆಗೆ. ಪ್ರತಿಸಲವೂ ಹಾಸಿಗೆ ಸುತ್ತಿಕೊಂಡು ಸುಮ್ಮನೆ ಹೋದರು. ಹಗಲು ಕಾಕ್ಸ್‌ಟೌನ್‌ನ ಮಾರಿಯಾ ಎಂಬ ಆಂಗ್ಲೋ ಇಂಡಿಯನ್ ಅಜ್ಜಿಯ ಮನೆಯಲ್ಲಿ ಅಡುಗೆ ಕೆಲಸ. ಸಾಯುವ ಮುಂಚೆ ಆ ಅಜ್ಜಿ ಆಪಾ ಕೈಯಲ್ಲಿಟ್ಟದ್ದು ಒಂದು ಪೊಟ್ಟಣ ಚರ್ವಿಲ್ ಬೀಜ. ಕೊತ್ತಂಬರಿಯ ತಂಗಿಯಂಥ ಸೊಪ್ಪು; ಎಲೆ ಇನ್ನೂ ನಯ, ಬಾಯಿಗೆ ಹಾಕಿದರೆ ಸೋಂಪಿನ ಘಮ.

ಆಪಾ ಮಾಡಿದ ಮೊದಲ ತಪ್ಪು ನಾವೆಲ್ಲ ಮಾಡುವಂಥದ್ದೇ. ಕೊತ್ತಂಬರಿ ಬೀಜದ ಹಾಗೆ ಎರಡು ಹೋಳಾಗಲೆಂದು ಚಪ್ಪಲಿಯಡಿ ಉಜ್ಜಿದರು. ಅರ್ಧ ಪೊಟ್ಟಣ ಹುಡಿಯಾಯಿತು, ಒಂದೂ ಮೊಳೆಯಲಿಲ್ಲ. ಇನ್ನಷ್ಟು ಬಿತ್ತಿ, ಮೊಳೆತ ಸಸಿಗಳನ್ನು ಕಿತ್ತು ಬೇರೆ ಕುಂಡಕ್ಕೆ ನೆಟ್ಟರು. ಸಂಜೆಯೊಳಗೆ ಅವೂ ಮಲಗಿದವು. ಕೊನೆಯ ಹಿಡಿ ಬೀಜವನ್ನು ಡಿಸೆಂಬರಿನಲ್ಲಿ ತಾರಸಿಯ ಹಳೇ ಸಿಮೆಂಟ್ ತೊಟ್ಟಿಗೆ, ಗೋಡೆಯ ನೆರಳಲ್ಲಿ, ಹಾಗೇ ಚೆಲ್ಲಿದರು. ಚೆನ್ನಾಗಿ ಬಂತು. ಫೆಬ್ರವರಿ ಕೊನೆಗೆ ಹೂವು ಉದುರಿ ಹಸಿರು ಕಾಯಿ ನಿಂತಿತ್ತು. ಇನ್ನು ಮೂರು ವಾರ ಉಳಿದರೆ ಬೀಜ, ಇಲ್ಲದಿದ್ದರೆ ಆ ಸೊಪ್ಪಿನ ಕಥೆ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಮೇಸ್ತ್ರಿ ಮಾನಪ್ಪ ಹಾರೆ ಹಿಡಿದು ಬಂದ. ತೊಟ್ಟಿ ಒಡೆದು ತಾರಸಿ ತುಂಬ ಬಾಡಿಗೆ ರೂಮು ಕಟ್ಟಿಸುವುದೆಂದು ಬಷೀರ್ ಸಾಹೇಬರು ತೀರ್ಮಾನಿಸಿದ್ದರು. ತಂಗಿಗೆ ಒಂದು ಮಾತು ಹೇಳಬೇಕು ಅಂತಲೂ ಅನ್ನಿಸಿರಲಿಲ್ಲ. ಆಪಾ ಸ್ಟವ್ವನ್ನು ಮೇಲಕ್ಕೆ ಹೊತ್ತು ತಂದು, ಮಾರಿಯಾ ಅಜ್ಜಿಯ ಮನೆಯಲ್ಲಿ ಮಾಡುತ್ತಿದ್ದ ಹಾಗೆ ಬೆಣ್ಣೆಯಲ್ಲಿ ಮೀನು ಬೇಯಲು ಇಟ್ಟು, ತೊಟ್ಟಿಯ ಕಟ್ಟೆ ಮೇಲೆ ಕೂತುಬಿಟ್ಟರು.

ಮೇಸ್ತ್ರಿ ಎದುರಿಗಿದ್ದುದರಿಂದ ಜಗಳ ಉರ್ದು ಬಿಟ್ಟು ಕನ್ನಡದಲ್ಲೇ ನಡೆಯಿತು.

"ಕಿತ್ತು ಡಬ್ಬದಲ್ಲಿ ನೆಟ್ಕೋ. ಕೆಳಗಡೆ ಇಟ್ಟರಾಯ್ತು," ಎಂದರು ಬಷೀರ್ ಸಾಹೇಬರು.

"ಕಿತ್ರೆ ಬದುಕಲ್ಲ ಭಾಯಿ."

"ಹಿಡಿ ಸೊಪ್ಪಿಗೆ ಕೆಲಸ ನಿಲ್ಲಿಸ್ಲಾ?"

"ನಿಲ್ಲಿಸ್ಬೇಡಿ. ಇದು ಅಬ್ಬಾನ ಮನೆ, ಅವರಿಗೆ ನಾವಿಬ್ರೇ ಮಕ್ಕಳು. ಶರೀಯತ್ ಪ್ರಕಾರ ನಿಮಗೆ ಎರಡು ಪಾಲು, ನಂಗೊಂದು. ಅಣ್ಣನ ಹತ್ರ ಪಾಲು ಕೇಳೋದು ಮರ್ಯಾದೆ ಅಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ. ಹಾಲ್‌ಗೆ ಹೋಗು ಅಂದ್ರಿ, ಹೋದೆ. ಸಾಮಾನು ರೂಮಿಗೆ ಅಂದ್ರಿ, ಹೋದೆ. ಇವತ್ತು ಕೇಳ್ತಿದೀನಿ."

ಆಪಾ ಎದ್ದು ಇಟ್ಟಿಗೆ ಚೂರು ತೆಗೆದುಕೊಂಡು, ತಾರಸಿಯ ಮೂರರಲ್ಲೊಂದು ಪಾಲು ಬಿಡಿಸಿ, ಈ ಗೋಡೆಯಿಂದ ಆ ಗೋಡೆಗೆ ಕೆಂಪು ಗೆರೆ ಎಳೆದರು. ತೊಟ್ಟಿ ಆಪಾ ಕಡೆ ಉಳಿಯಿತು. ನನಗಂತೂ ಚಪ್ಪಾಳೆ ತಟ್ಟಬೇಕು ಅನ್ನಿಸಿತು.

ಬಷೀರ್ ಸಾಹೇಬರು ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ. ಶರೀಯತ್ತಿನ ಲೆಕ್ಕವನ್ನು ಅಲ್ಲಗಳೆಯುವವರಲ್ಲ; ಗೆರೆ ದಾಟದೆ ಮೆಟ್ಟಿಲಿಳಿದು ಹೋದರು.

"ಎಲ್ಲಿಂದ ಚಾಲೂ ಮಾಡ್ಲಿ ಅಮ್ಮಾರ?" ಎಂದ ಮಾನಪ್ಪ.

ಆಪಾ ಸ್ಟವ್ ಆರಿಸಿದರು. ಬೇಯುವಾಗ ಹಾಕಿದರೆ ಚರ್ವಿಲ್‌ನ ಘಮ ಹಾರಿಹೋಗುತ್ತದೆ. ಕಾಯಿ ಮುಟ್ಟದೆ ಬುಡದ ಎಳೆಯ ಎಲೆ ಒಂದು ಹಿಡಿ ಚಿವುಟಿ, ಹೆಚ್ಚಿ, ಮೀನಿನ ಮೇಲೆ ಉದುರಿಸಿ ಮುಚ್ಚಳ ಮುಚ್ಚಿದರು.

"ಗೆರೆ ಆಚೆ ಭಾಯಿದು ಕಟ್ಟು. ಅದು ಮುಗಿದ್ಮೇಲೆ ಈ ಕಡೆ ನಂಗೊಂದು ರೂಮು. ತೊಟ್ಟಿ ಮಾತ್ರ ಮುಟ್ಬೇಡ."