ಹೆಸರು ಕೇಳದೆ ತಂದ ಹೂವು

ಆಗಿನ ದಿನಗಳು ಎಂದು ಬರೆಯಲು ಕೂತರೆ ಮೊದಲು ನನ್ನ ಮೇಲೆ ನನಗೇ ಸಂಶಯ. ಆ ಹೂವು ತಿಳಿನೇರಳೆ ಎನ್ನುತ್ತೇನೆ ನಾನು. ಗುಲಾಬಿ ಎನ್ನುತ್ತಾಳೆ ಅವ್ವ. ನನಗಾಗ ಒಂಬತ್ತೋ ಹತ್ತೋ. ಬೇಸಿಗೆ ರಜೆ, ಮರೋಳದಲ್ಲಿ ಅವ್ವನ ತವರುಮನೆ, ಇಷ್ಟಂತೂ ನಿಜ.

ಅವ್ವನ ತಂಗಿ, ನನ್ನ ಚಿಗವ್ವ, ಹಿಂದಿನ ವರ್ಷ ಶಿವಯೋಗ ಮಂದಿರಕ್ಕೆ ಹೋದವಳು ಮಲಪ್ರಭೆಯ ದಂಡೆಯಿಂದ ಒಂದು ಟೊಂಗೆ ಮುರಿದು ತಂದು ಹಿತ್ತಲ ಬೇಲಿಗೆ ಚುಚ್ಚಿದ್ದಳು. ನಾನು ಹೋಗುವಷ್ಟರಲ್ಲಿ ಅದು ನನಗಿಂತ ಎತ್ತರ. ವೀಳ್ಯದೆಲೆಯಂಥ ಎಲೆ, ಗಂಟೆಯಂಥ ಹೂವು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಮಂದಿರದ ಕಡೆಯಿಂದ ಬಂದದ್ದೆಂದು 'ಮಂದಿರದ ಹೂವು' ಎಂದೆವು. ಆ ಹೆಸರನ್ನು ನಂಬಿ ಆಯಿ, ಅಂದರೆ ನನ್ನ ಅಜ್ಜಿ, ದಿನವೂ ಲಿಂಗಪೂಜೆಗೆ ನಾಲ್ಕು ಹೂ ಏರಿಸುತ್ತಿದ್ದಳು. ಚಿಗವ್ವ ಮತ್ತು ನಾನು ಉಬ್ಬಿದ ಮೊಗ್ಗುಗಳನ್ನು ಒಬ್ಬರ ಹಣೆಗೊಬ್ಬರು ಬಡಿದು ಪಟ್ಟೆನಿಸುತ್ತಿದ್ದೆವು. ಅವಳ ಕೈಗೆ ಸದಾ ಹುರಿದ ಶೇಂಗಾದ ವಾಸನೆ.

ಹಿತ್ತಲಲ್ಲಿ ಕಟ್ಟಿದ್ದ ಆಡಿನ ಮರಿ ಚುಕ್ಕಿ ನನ್ನದು. ಮಂದಿರದ ಹೂವಿನ ಎಲೆ ತಿಂದರೆ ಬೇಗ ಮೈದುಂಬೀತೆಂದು ಯಾರಿಗೂ ಹೇಳದೆ ತಿನಿಸತೊಡಗಿದೆ. ಮೊದಲು ಮೂಸಿ ಮುಖ ತಿರುವಿತು. ಆಮೇಲೆ ಮೇವು ಬಿಟ್ಟು ಅದಕ್ಕೇ ಹಟ ಮಾಡತೊಡಗಿತು. ರಜೆ ಮುಗಿಯುವ ಹೊತ್ತಿಗೆ ತಲೆ ನಡುಗಿಸುತ್ತ, ನಿಂತಲ್ಲೇ ಕುಸಿಯುತ್ತಿತ್ತು.

ಪಕ್ಕದ ಮನೆಯ ಕುರಿ ಸಾಕುವ ಯಲ್ಲಪ್ಪ ಕಾಕಾನನ್ನು ಆಯಿ ಕರೆಸಿದಳು. ಅವನು ಮರಿಯನ್ನು ನೋಡಿದ, ಬೇಲಿಯನ್ನು ನೋಡಿದ, ಹೋಗಿ ಒಂದು ದಂಟು ಮುರಿದ. ಬಿಳಿ ಹಾಲು ಸುರಿಯಿತು.

"ಮಂದಿರದ ಹೂವಲ್ರಿ ಇದು, ಬೇಶರಮ್ ಗಿಡ. ಚಂದ ಕಾಣತೈತಂತ ಹಚ್ಚತಾರ. ಕಡದು ಎಲ್ಲಿ ಒಗದ್ರೂ ನಾಚಿಕಿಲ್ಲದ ಚಿಗೀತೈತಿ. ಇದರ ಚಟಾ ಹತ್ತಿದ ಆಡು ಉಳಿಯೂದಿಲ್ಲ."

ಆಯಿ ಚಿಗವ್ವನ ಕಡೆ ತಿರುಗಿದಳು. "ಗಿಡಕ್ಕೂ ತಂದಾಕಿಗೂ ಒಂದ ಹೆಸರು ಸಾಕು ಬಿಡು. ಕಟ್ಟಿದ ಮರಿಗೆ ಎಲಿ ಹಾಕಿದಾರು ಯಾರು?"

ನಾನು ಚುಕ್ಕಿಯ ಹಗ್ಗದ ಗಂಟನ್ನೇ ನೋಡುತ್ತ ನಿಂತೆ.

"ನಾನ ಹಾಕೇನಿ," ಎಂದಳು ಚಿಗವ್ವ.

ಮೂರನೆಯ ದಿನ ಚುಕ್ಕಿ ಸತ್ತಿತು. ಚಿಗವ್ವ ಒಬ್ಬಳೇ ಗಿಡ ಕಡಿದು ಊರ ಹಳ್ಳಕ್ಕೆ ಎಸೆದು ಬಂದಳು. ಮದುವೆಯಾಗಿ ಇಳಕಲ್ಲಿಗೆ ಹೋಗುವವರೆಗೂ ಮನೆಯಲ್ಲಿ ಅವಳು 'ಬೇಶರಮಿ'ಯೇ ಆಗಿದ್ದಳು. ಮೊದಮೊದಲು ಸಿಟ್ಟಿನಲ್ಲಿ, ಕಡೆಗೆ ಚೇಷ್ಟೆಗೆ. ಒಂದೇ ಮಾತಿನಲ್ಲಿ ಆ ಹೆಸರು ಅಳಿಸಬಹುದಾಗಿದ್ದ ನಾನೂ ಎಲ್ಲರೊಡನೆ ನಕ್ಕಿದ್ದೇನೆ.

ಈಗ ಆ ಹಳ್ಳದ ಎರಡೂ ದಂಡೆಗೆ ಅದೇ ಗಿಡ. ಎಸೆದ ತುಂಡುಗಳಿಂದಲೇ ಬಂತೋ, ಬೇರೆಲ್ಲಿಂದಲೋ, ಹೇಳಲಾರೆ. ಚಿಗವ್ವ ಬಟ್ಟೆ ಒಗೆಯುವಾಗ ನಾನು ಕಾಲು ಇಳಿಬಿಟ್ಟು ಕೂರುತ್ತಿದ್ದ ಬಂಡೆಗೆ ಹೋಗಲು ದಾರಿಯಿಲ್ಲ. ನೀರಿನ ಸದ್ದಷ್ಟೇ ಕೇಳುತ್ತದೆ. ಆಯಿ ಇಲ್ಲ. ನಾನು ತಪ್ಪು ಒಪ್ಪಿಕೊಳ್ಳಬೇಕಾದವರಲ್ಲಿ ಉಳಿದವಳು ಚಿಗವ್ವ ಒಬ್ಬಳೇ.

ಕೊನೆಗೂ ಫೋನ್ ಮಾಡಿ ಕೇಳಿದೆ: "ಚಿಗವ್ವಾ, ಚುಕ್ಕಿಗೆ ಎಲಿ ತಿನಿಸಿದಾಕಿ ನಾನು. ಅದು ಗೊತ್ತಿದ್ದ ಅವತ್ತ ನಿನ್ನ ಮ್ಯಾಲ ಹಾಕ್ಕೊಂಡ್ಯೇನು?"

"ಹಂಚಿನ ಮ್ಯಾಲ ರೊಟ್ಟಿ ಐತಿ, ಆಮ್ಯಾಲ ಮಾತಾಡ್ತೇನಿ," ಎಂದಳು.

ಅದಾಗಿ ಎರಡು ಮಳೆಗಾಲ ಕಳೆದವು.