ಸಮುದ್ರದ ಸೀರಿಯಲ್ ನೋಡೋ ಅನುಸೂಯಕ್ಕ

ನಮ್ಮಕ್ಕ ಅನುಸೂಯಮ್ಮ ಇರೋದು ಬಾಶೆಟ್ಟಿಹಳ್ಳಿಯಲ್ಲಿ, ಬದುಕೋದು ಮಾತ್ರ ಟೀವಿಯೊಳಗಿನ ಸಮುದ್ರದ ದಡದಲ್ಲಿ. ಸಂಜೆ ಏಳಕ್ಕೆ ಆ ಸೀರಿಯಲ್ ಶುರುವಾದರೆ ಒಲೆ ಮೇಲೆ ಸಾರು ಉಕ್ಕಿದರೂ ಏಳಲ್ಲ. ಆ ಮೀನುಗಾರರ ಕೇರಿಯ ಸೊಸೆ ಅತ್ತರೆ ಇವಳು ಮೂಗು ಒರೆಸ್ಕೋತಾಳೆ, ಅತ್ತೆ ಬಂದರೆ "ಥೂ, ನಿನ್ ಬಾಯಿಗೆ ಮಣ್ಣಾಕ" ಅಂತ ಪೊರಕೆ ತೋರಿಸ್ತಾಳೆ. ಅಲ್ಲಿ ಬಿರುಗಾಳಿ ಎದ್ದರೆ ಇಲ್ಲಿ ಒಣಗಾಕಿದ ಬಟ್ಟೆ ಒಳಗೆ ತರ್ತಾಳೆ. "ಆರಿಸಕ್ಕ ಆ ಹಾಳು ಟೀವೀನ!" ಅಂತ ನಾನು ದಿನಾ ಕೂಗಾಡ್ತೀನಿ. "ಸುಮ್ನಿರ್ಲಾ, ಅಲೆ ಎಳ್ಕೊಂಡೋದ ನಾಗೇಶ ನಾನೂರು ಎಪಿಸೋಡ್ ಆದ್ಮೇಲೆ ಬರ್ಲಿಲ್ವಾ?" ಅಂತಾಳೆ. ಅವಳ ಒಬ್ಬನೇ ಮಗ ಸಿದ್ದರಾಜು ಹತ್ತೊಂಬತ್ತಕ್ಕೇ ಫ್ಯಾಕ್ಟರಿ ಗೆಳೆಯರ ಜೊತೆ ಸಮುದ್ರ ನೋಡಕ್ಕೆ ಹೋಗಿ ನೀರುಪಾಲಾದ. ಮೂರು ವರ್ಷ ಆಯ್ತು, ಹೆಣಾನೂ ಸಿಗಲಿಲ್ಲ. ತಿಥಿ ಮಾಡಕ್ಕೆ ಇವಳು ಬಿಡಲಿಲ್ಲ. ಈ ಸಲ ಪಿತೃಪಕ್ಷಕ್ಕೆ ತೀರಿಕೊಂಡ ಭಾವನ ಎಡೆ ಪಕ್ಕ ಸಿದ್ದುಗೂ ಒಂದು ಎಲೆ ಹಾಕಿ, ಹೊಸ ಶರ್ಟು ಇಟ್ಟೆ. ಜಗಳಕ್ಕೆ ತಯಾರಾಗೇ ನಿಂತಿದ್ದೆ. ಅಕ್ಕ ಬಂದವಳು ಸಿದ್ದುಗೆ ಬಡಿಸಿದ ಎಲೇನ ಎತ್ಕೊಂಡು ಒಳಗೋಗಿ ತಟ್ಟೆ ಮುಚ್ಚಿಟ್ಟು ಬಂದಳು. ಆಮೇಲೆ ಆ ಶರ್ಟು ಬಿಡಿಸಿ, ಭುಜದ ಅಳತೆ ನೋಡಿ, "ಒಂದು ಸೈಜು ದೊಡ್ಡದು ತರಬಾರದಾ? ಇಷ್ಟೊತ್ತಿಗೆ ಮೈ ತುಂಬಿರ್ತಾನೆ ಕಣೋ" ಅಂದಳು.