ಅಪ್ಪ ಹಾಕಿದ ಸಜೆಷನ್

ಕೋವಿಡ್ ಮುಗಿದು ನ್ಯಾಯಾಲಯಗಳು ಮಾಮೂಲಿಗೆ ಬಂದ ಮರುವರ್ಷದ ಮಾತು. ಆಗ ನಾನು ಅರಸೀಕೆರೆಯಲ್ಲಿ ವಕೀಲಿಕೆಗೆ ಕೂತು ಇಪ್ಪತ್ಮೂರು ವರ್ಷವಾಗಿತ್ತು. ಅಷ್ಟೂ ವರ್ಷ ಅಪ್ಪನ ಜೂನಿಯರ್. ವಯಸ್ಸು ನಲವತ್ತೆಂಟಾದರೂ ಕಕ್ಷಿದಾರರಿಗೆ ಅಪ್ಪ ‘ದೊಡ್ಡ ಲಾಯರ್ರು’, ನಾನು ‘ಚಿಕ್ಕ ಲಾಯರ್ರು’. ಬೆಳಿಗ್ಗೆ ಎಂಟಕ್ಕೆ ಆ ದಿನದ ಫೈಲುಗಳನ್ನು ಜೋಡಿಸಿ, ಅಪ್ಪನ ಕರಿ ಕೋಟಿಗೆ ಬ್ರಷ್ ಹಾಕಿ, ಊಟದ ಡಬ್ಬಿ ಎರಡನ್ನೂ ಬ್ಯಾಗಿನಲ್ಲಿಟ್ಟುಕೊಂಡು ಹೊರಡುವುದು ನನ್ನ ದಿನಚರಿ.

ನಮ್ಮಿಬ್ಬರ ನಡುವೆ ಒಂದು ನಿಯಮವಿತ್ತು. ಯಾರೂ ಬರೆದಿಟ್ಟದ್ದಲ್ಲ. ಕೋರ್ಟಿನಲ್ಲಿ ಅಪ್ಪ ನಿಂತಿರುವಾಗ ನಾನು ಏಳುವುದಿಲ್ಲ. ಹೇಳಬೇಕಾದದ್ದು ಏನೇ ಇದ್ದರೂ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಸರಿಸಬೇಕು. ಜೊತೆಯ ವಕೀಲರು ಛೇಡಿಸುತ್ತಿದ್ದರು: “ಏನ್ಲಾ, ನಿಂಗೆ ಕಾಲು ಅವೆಯೋ ಇಲ್ವೋ? ಜಡ್ಜ್ ಸಾಹೇಬ್ರು ಒಂದು ದಿನಾನೂ ನೋಡಿಲ್ವಂತೆ.” ನಾನೂ ನಗುತ್ತಿದ್ದೆ.

ನಮ್ಮ ಕಕ್ಷಿದಾರ ರುದ್ರೇಶ ಹಾರನಹಳ್ಳಿಯವನು. ಅರಸೀಕೆರೆಯ ಮಂಡಿಯೊಂದರಲ್ಲಿ ಕೊಬ್ಬರಿ ತೂಗುವ ಕೆಲಸ. ಊರಿನಲ್ಲಿ ಬದುವಿನ ತೆಂಗಿನ ಮರಕ್ಕಾಗಿ ದಾಯಾದಿಗಳ ನಡುವೆ ಹೊಡೆದಾಟವಾಗಿ, ಅವನ ದೊಡ್ಡಪ್ಪನ ಮಗ ಸಿದ್ದಪ್ಪನ ಕೈಗೆ ಮಚ್ಚಿನೇಟು ಬಿದ್ದು ಎರಡು ಬೆರಳು ಹೋಗಿದ್ದವು. ಮುಸ್ಸಂಜೆ, ಏಳೆಂಟು ಜನ ಸೇರಿದ್ದ ಗಲಾಟೆ. ಸಿದ್ದಪ್ಪ ಹೆಸರಿಸಿದ್ದು ಹಳೆಯ ದ್ವೇಷವಿದ್ದ ರುದ್ರೇಶನನ್ನು. ಆದರೆ ರುದ್ರೇಶ ಆ ಹೊತ್ತಿನಲ್ಲಿ ಮಂಡಿಯಲ್ಲೇ ಇದ್ದ. ಜೊತೆಗೆ ತೂಗುತ್ತಿದ್ದ ಇಬ್ಬರು ಬಂದು ಸಾಕ್ಷಿ ಹೇಳಲು ಒಪ್ಪಿದ್ದರು. ‘ನಾನು ಸ್ಥಳದಲ್ಲೇ ಇರಲಿಲ್ಲ’ ಎಂಬುದೊಂದೇ ನಮ್ಮ ವಾದ. ಅದು ನಿಂತರೆ ಅವನು ಮನೆಗೆ, ಬಿದ್ದರೆ ಜೈಲಿಗೆ.

ಅಪ್ಪನಿಗೆ ಆಗ ಎಪ್ಪತ್ತಾರು. ಆರು ತಿಂಗಳಿಂದ ಸಣ್ಣಪುಟ್ಟ ಮರೆವು ಕಾಣುತ್ತಿತ್ತು. ಊಟ ಮಾಡಿ ಕೈ ತೊಳೆದವರೇ ಡಬ್ಬಿ ಎಲ್ಲಿ ಎಂದು ಕೇಳುತ್ತಿದ್ದರು. ವಯಸ್ಸಾಯಿತು ಎಂದು ಸುಮ್ಮನಿದ್ದೆ. ಸುಮ್ಮನಿರುವುದು ಸುಲಭವಾಗಿತ್ತು.

ಸಿದ್ದಪ್ಪನ ಪಾಟೀಸವಾಲಿನ ಹಿಂದಿನ ದಿನ ನಾವು ಬೇಲೂರು ಕೋರ್ಟಿನಲ್ಲಿದ್ದೆವು. ಮಾದಿಹಳ್ಳಿಯ ಕಾಲುವೆ ನೀರಿನ ಜಗಳದ ಕೇಸು. ಅಲ್ಲಿ ನಮ್ಮ ಕಕ್ಷಿದಾರ ಹೊಡೆದದ್ದು ಹೌದು, ಆದರೆ ಆತ್ಮರಕ್ಷಣೆಗೆ ಎಂಬುದು ವಾದ. ಅಪ್ಪ ಬಹಳ ಚೆನ್ನಾಗಿ ನಡೆಸಿದರು. ಬಸ್ಸಿನಲ್ಲಿ ಅರಸೀಕೆರೆವರೆಗೂ ಅದೇ ಮಾತು.

ಪಾಟೀಸವಾಲಿನ ಕೊನೆಗೆ ನಾವು ನಮ್ಮ ವಾದವನ್ನೇ ಪ್ರಶ್ನೆಯಾಗಿಸಿ ಸಾಕ್ಷಿಯ ಮುಂದಿಡುತ್ತೇವೆ. ಅದಕ್ಕೆ ಸಜೆಷನ್ ಎನ್ನುತ್ತಾರೆ. ಸಾಕ್ಷಿ ಅಲ್ಲಗಳೆಯುತ್ತಾನೆ, ‘ಎಂದರೆ ಸುಳ್ಳು’ ಎಂದು ಟೈಪ್ ಆಗುತ್ತದೆ. ಸಾಕ್ಷಿ ಒಪ್ಪಲಿ, ಬಿಡಲಿ, ವಕೀಲನ ವಾದ ಇಂಥದ್ದು ಎಂಬುದು ಕಾಗದದ ಮೇಲೆ ಬಂದುಬಿಡುತ್ತದೆ. ಆ ದಿನ ಮುಕ್ಕಾಲು ಗಂಟೆ ಅಪ್ಪ ಸಿದ್ದಪ್ಪನ ಬೆವರಿಳಿಸಿದರು. ಕೊನೆಗೆ, ಅದೇ ಗಟ್ಟಿ ದನಿಯಲ್ಲಿ, ಕೇಳಿದರು:

“ಮೊದಲು ನೀನು ಮೈಮೇಲೆ ಬಿದ್ದೆ, ಆರೋಪಿ ತನ್ನ ಜೀವ ಉಳಿಸಿಕೊಳ್ಳೋಕೆ ಕೈ ಬೀಸಿದಾಗ ನಿನಗೆ ಏಟು ಬಿತ್ತು ಅಂದ್ರೆ?”

“ಸುಳ್ಳು ಸ್ವಾಮಿ.”

ಮಾದಿಹಳ್ಳಿಯ ಪ್ರಶ್ನೆ ಹಾರನಹಳ್ಳಿಯ ಕೇಸಿಗೆ ಬಂದಿತ್ತು. ಟೈಪಿನ ಸದ್ದು ನಿಂತಿತು. ನ್ಯಾಯಾಧೀಶರು ಅಪ್ಪನನ್ನು ನೋಡಿ, ಆಮೇಲೆ ನನ್ನನ್ನು ನೋಡಿ ಕೇಳಿದರು: “ವಕೀಲರೇ, ಇದೇ ನಿಮ್ಮ ಡಿಫೆನ್ಸಾ?”

ಎದ್ದು ನಿಂತು ‘ತಪ್ಪಾಗಿದೆ ಸ್ವಾಮಿ’ ಅಂದಿದ್ದರೆ ಸಾಕಿತ್ತು. ನಾನು ಚೀಟಿ ಬರೆಯುತ್ತಿದ್ದೆ. ‘ಇರಲೇ ಇಲ್ಲ’ ಎಂದು ಬರೆದು ಸರಿಸುವಷ್ಟರಲ್ಲಿ ಅಪ್ಪ “ಹೌದು ಸ್ವಾಮಿ” ಎಂದು ಹೇಳಿ ಕೂತಾಗಿತ್ತು. ಚೀಟಿಯನ್ನು ಓದಿದರು. ಅದು ಯಾವ ಕೇಸಿನದೆಂದು ಅವರಿಗೆ ತಿಳಿಯಲಿಲ್ಲವೆಂಬುದು ಮುಖದಲ್ಲಿ ಕಾಣುತ್ತಿತ್ತು. ಕಟಕಟೆಯಲ್ಲಿ ನಿಂತಿದ್ದ ರುದ್ರೇಶ ಬಾಯಿ ತೆರೆದವನು ನನ್ನನ್ನು ನೋಡಿ ಮುಚ್ಚಿಕೊಂಡ.

ಇನ್ನೊಂದು ದಾರಿಯಿತ್ತು. ಸಾಕ್ಷಿಯನ್ನು ಮರಳಿ ಕರೆಸಿ ಎಂದು ಅರ್ಜಿ ಹಾಕಬಹುದು. ಅದಕ್ಕೆ ಕಾರಣ ಕೊಡಬೇಕು. ನಿಜವಾದ ಕಾರಣ ಒಂದೇ: ಹಿರಿಯ ವಕೀಲರಿಗೆ ಮರೆವಿನ ಕಾಯಿಲೆ. ಅಷ್ಟನ್ನು ಅರ್ಜಿಯ ಜೊತೆಗಿಡುವ ಪ್ರಮಾಣಪತ್ರದಲ್ಲಿ ಬರೆದರೆ ನಾಳೆ ಇಡೀ ವಕೀಲರ ಸಂಘ ಓದುತ್ತದೆ, ಅಪ್ಪ ಮತ್ತೆ ಕೋಟು ಹಾಕುವಂತಿಲ್ಲ. ಮೂರು ದಿನ ಪೆನ್ನು ಹಿಡಿದು ಕೂತೆ. ಕೊನೆಗೆ ‘ಕಣ್ತಪ್ಪಿನಿಂದ’ ಎಂದು ಬರೆದೆ. ನ್ಯಾಯಾಲಯ ಕೇಳಿದಾಗಲೂ ಹೌದು ಅಂದಮೇಲೆ ಎಂಥ ಕಣ್ತಪ್ಪು ಎಂದರು ಸರ್ಕಾರಿ ವಕೀಲರು. ಅರ್ಜಿ ವಜಾ ಆಯಿತು.

ಮಂಡಿಯ ಇಬ್ಬರೂ ಬಂದು ನಿಜ ಹೇಳಿದರು. ನಂಬುವುದು ಹೇಗೆ? ಆರೋಪಿ ಸ್ಥಳದಲ್ಲಿದ್ದನೆಂದು ಅವನ ವಕೀಲರೇ ಸೂಚಿಸಿದ್ದಾರೆ ಎಂದು ತೀರ್ಪು ಹೇಳಿತು. ಎರಡು ವರ್ಷ ಸಜೆ. ಮೇಲ್ಮನವಿಗಾಗಿ ಜಾಮೀನು.

ತೀರ್ಪಿನ ಪ್ರತಿ ಬಂದ ದಿನ ರುದ್ರೇಶ ಆಫೀಸಿನಲ್ಲೇ ಕೂತಿದ್ದ. ಅಪ್ಪ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದರು. ಒಂದು ಕಡೆ ಬೆರಳಿಟ್ಟು ತಲೆಯೆತ್ತಿದರು.

“ಈ ಸಜೆಷನ್ ಯಾರು ಹಾಕಿದ್ದು ಕಣೋ?”

ರುದ್ರೇಶ ನನ್ನ ಮುಖ ನೋಡಿದ.

“ನಾನೇ ಅಪ್ಪ,” ಎಂದೆ.

“ಇಷ್ಟು ವರ್ಷ ನನ್ನ ಹಿಂದೆ ಕೂತು ಇದನ್ನಾ ಕಲಿತಿದ್ದು? ಪಾಪದವನ ಕುತ್ತಿಗೆ ಕುಯ್ದೆಯಲ್ಲೋ.” ರುದ್ರೇಶನ ಕಡೆ ತಿರುಗಿ, ಮಗನ ಪರವಾಗಿ ನಾನು ಕೈ ಮುಗಿಯುತ್ತೇನೆ ಎಂದರು. ಮುಗಿದರು ಕೂಡ.

ರುದ್ರೇಶ ಎದ್ದು ಅವರ ಕೈ ಬಿಡಿಸಿದ. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ: “ನಮ್ಮಪ್ಪ ಆಗಿದ್ರೆ ನಾನೂ ಹಂಗೇ ಅಂತಿದ್ನೋ ಏನೋ, ಚಿಕ್ಕ ಲಾಯರ್ರೇ. ಆದ್ರೆ ಒಳೀಕೆ ಹೋಗೋನು ನಾನು ಕಣ್ರೀ.”

ಮೇಲ್ಮನವಿಯಲ್ಲಿ ಬೇರೆ ವಕೀಲರನ್ನು ಇಟ್ಟುಕೊಂಡ. ಅಲ್ಲೂ ಸಜೆ ಖಾಯಮಾಯಿತು. ಅವನು ಕೋರ್ಟಿಗೆ ಶರಣಾದ ದಿನ ನಾನೂ ಹೋಗಿದ್ದೆ. ಅಪ್ಪ ಈಗ ಕೋರ್ಟಿಗೆ ಬರುವುದಿಲ್ಲ. ನಾನು ಒಬ್ಬನೇ ನಿಂತು ವಾದಿಸುತ್ತೇನೆ.

ವಕಾಲತ್ತು ಪತ್ರದಲ್ಲಿ ನಮ್ಮಿಬ್ಬರ ಹೆಸರೂ ಇತ್ತು. ರುದ್ರೇಶ ಇಬ್ಬರನ್ನೂ ನಂಬಿ ಸಹಿ ಹಾಕಿದ್ದ. ಕಟಕಟೆಯಲ್ಲಿ ಅವನು ನಿಂತಿರುವಷ್ಟು ಹೊತ್ತು ನನಗೆ ಅಪ್ಪನಿರಬಾರದಿತ್ತು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ಇನ್ನೊಬ್ಬನ ಖರ್ಚಿನಲ್ಲಿ. ಅಪ್ಪನ ಮಾನ ಉಳಿಸಲು ಎರಡು ವರ್ಷ ಕೊಟ್ಟೆ. ಅವು ನನ್ನ ವರ್ಷಗಳಾಗಿರಲಿಲ್ಲ.